ಆ್ಯಪ್‌ನಲ್ಲಿ ‘ಲೈಸೆನ್ಸ್’ ನಂಬರ್ ಇದ್ದರೆ ಸಾಕೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹೆಸರು ಹಾಕಬೇಡಿ’ ಎಂಬ ಕೋರಿಕೆಯೊಂದಿಗೇ ಬಂದಿವೆ. ಅದಕ್ಕೇ ಇಲ್ಲಿ ಊರಿನ ಹೆಸರಷ್ಟೇ ಕೊಟ್ಟಿದ್ದೇವೆ. ಕಾನೂನು, ತೆರಿಗೆ, ಬ್ಯಾಂಕ್ ವ್ಯವಹಾರ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ.

ನನ್ನ ಮಗ ಬಿ.ಕಾಂ. ಓದುತ್ತಿದ್ದಾನೆ. ಮೊಬೈಲಿನಲ್ಲಿ ಕ್ರಿಕೆಟ್ ಮ್ಯಾಚಿಗೆ ದುಡ್ಡು ಕಟ್ಟುತ್ತಾನೆ. ಗದರಿದರೆ ‘ಅಪ್ಪಾ, ಇದು ಕಳ್ಳ ಆ್ಯಪ್ ಅಲ್ಲ, ಲೈಸೆನ್ಸ್ ಇದೆ ನೋಡು’ ಎಂದು ಕೆಳಗೆ ಬರೆದ ನಂಬರ್ ತೋರಿಸುತ್ತಾನೆ. ಕ್ಯುರಸಾವ್ ಅಂತ ಏನೋ ಇದೆ. ನಂಬಬಹುದೇ? — ಒಬ್ಬ ತಂದೆ, ಮದ್ದೂರು

ಕ್ಯುರಸಾವ್ ಎನ್ನುವುದು ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪ, ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ಬಹಳ ವರ್ಷ ಅಲ್ಲಿ ನಾಲ್ಕೇ ಕಂಪನಿಗಳ ಕೈಯಲ್ಲಿ ಮೂಲ ಲೈಸೆನ್ಸ್ ಇತ್ತು. ಅವು ಅದರಡಿ ನೂರಾರು ಜೂಜಿನ ತಾಣಗಳಿಗೆ ಉಪ ಲೈಸೆನ್ಸ್ ಹಂಚುತ್ತಿದ್ದವು. ಈ ಪದ್ಧತಿಯ ಮೇಲೆ ದೂರು ಹೆಚ್ಚಾಗಿ 2024ರ ಡಿಸೆಂಬರ್‌ನಲ್ಲಿ ಅಲ್ಲಿ ಹೊಸ ಕಾನೂನು ಬಂತು. ಈಗ ಸರ್ಕಾರದ ಪ್ರಾಧಿಕಾರವೇ ನೇರವಾಗಿ ಲೈಸೆನ್ಸ್ ಕೊಡುತ್ತದೆ. ನಿಮ್ಮ ಮಗ ತೋರಿಸಿದ ನಂಬರ್ ಅಸಲಿಯೇ ಇರಬಹುದು. ಆದರೂ ಅದು ಮದ್ದೂರಿನಲ್ಲಿ ಚಲಾವಣೆಯಾಗುವ ಕಾಗದವಲ್ಲ. ಒಂದು ದೇಶ ಕೊಟ್ಟ ಜೂಜಿನ ಪರವಾನಗಿಗೆ ಇನ್ನೊಂದು ದೇಶದ ಕಾನೂನನ್ನು ಮೀರುವ ಶಕ್ತಿ ಇಲ್ಲ.

ನಮ್ಮಲ್ಲಿ ಸಂಸತ್ತು 2025ರ ಆಗಸ್ಟ್ 20 ಮತ್ತು 21ರಂದು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಶುಲ್ಕವೋ ಠೇವಣಿಯೋ ಪಣವೋ ಕಟ್ಟಿ, ಪ್ರತಿಯಾಗಿ ಹಣ ಗೆಲ್ಲುವ ನಿರೀಕ್ಷೆಯಲ್ಲಿ ಆಡುವ ಆನ್‌ಲೈನ್ ಆಟವೆಲ್ಲ ಈ ಕಾಯ್ದೆಯಲ್ಲಿ ‘ಹಣದ ಆಟ’. ಕಾಯಿನ್, ಟೋಕನ್, ಕ್ರೆಡಿಟ್ ಎಂದು ಹೆಸರು ಬದಲಿಸಿದರೂ ಅದು ದುಡ್ಡಿಗೆ ಸಮನಾದರೆ ಲೆಕ್ಕ ಒಂದೇ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಹಣ ರವಾನೆಗೆ ದಾರಿ ಮಾಡಿಕೊಟ್ಟವರಿಗೂ ಅಷ್ಟೇ ಶಿಕ್ಷೆ. ಎರಡನೇ ಸಲ ಸಿಕ್ಕಿಬಿದ್ದರೆ ಕನಿಷ್ಠವೇ 3 ವರ್ಷ. ಆದರೆ ಬರೀ ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಅವರನ್ನು ನೊಂದವರೆಂದೇ ಅದು ಕಾಣುತ್ತದೆ. ಮಗನಿಗೆ ಇದನ್ನು ಮೊದಲು ಹೇಳಿ. ಪೊಲೀಸರ ಭಯಕ್ಕೆ ಸಾಲ, ನಷ್ಟ ಎಲ್ಲ ಮುಚ್ಚಿಡುವ ಹುಡುಗರು ಬಹಳ.

ಅವನ ಕೈಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಆ್ಯಪ್‌ನಲ್ಲಿ ‘ಡೆಪಾಸಿಟ್’ ಒತ್ತಿ, ಬರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಕಳಿಸದೆ ಅಲ್ಲಿ ಬರುವ ಹೆಸರನ್ನಷ್ಟೇ ಓದಲಿ. ಆ್ಯಪ್‌ನ ಕಂಪನಿಯ ಹೆಸರು ಬರುವುದಿಲ್ಲ. ಯಾವುದೋ ಟ್ರೇಡರ್ಸ್, ಯಾವುದೋ ಎಂಟರ್‌ಪ್ರೈಸಸ್, ಇಲ್ಲವೇ ಯಾರೋ ಒಬ್ಬ ವ್ಯಕ್ತಿಯ ಹೆಸರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ಹೆಸರು ಬೇರೆ. ಅವೆಲ್ಲ ಬಾಡಿಗೆಗೆ ಪಡೆದ ಖಾತೆಗಳು. ನಿಜವಾದ ಲೈಸೆನ್ಸ್ ಇರುವ ಕಡೆ ಗ್ರಾಹಕರ ಹಣ ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು.

ರಮ್ಮಿ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಹಾಗಿದ್ದರೆ ಆನ್‌ಲೈನ್ ರಮ್ಮಿಗೆ ಯಾಕೆ ತಡೆ? — ನಂಜನಗೂಡು

ಹೇಳಿದೆ, 1968ರಲ್ಲಿ. ಕೌಶಲ ಮತ್ತು ಅದೃಷ್ಟದ ನಡುವಿನ ಆ ಗೆರೆಯ ಮೇಲೆಯೇ ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಪಣವಿಡುವ ಆಟ) ಎಲ್ಲ ನಿಂತಿದ್ದವು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆದಾಗ, ಕೌಶಲದ ಆಟಗಳನ್ನೂ ಸೇರಿಸಿದ್ದು ಸರಿಯಲ್ಲವೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ಕಲಂಗಳನ್ನು ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ಈ ಗೆರೆಯನ್ನೇ ಅಳಿಸಿದೆ. ಆಟ ಕೌಶಲದ್ದೋ, ಅದೃಷ್ಟದ್ದೋ, ಎರಡೂ ಬೆರೆತದ್ದೋ ಎಂದು ಅದು ನೋಡುವುದಿಲ್ಲ. ದುಡ್ಡಿನ ಪಣ ಇದೆಯೇ ಎಂದಷ್ಟೇ ನೋಡುತ್ತದೆ. ಇದನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಹಾಕಿದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಇನ್ನು ಹೊಸತೊಡಕಿನ ದಿನ ತೋಪಿನಲ್ಲಿ, ಅರಳಿಕಟ್ಟೆಯಲ್ಲಿ ನಡೆಯುವ ಇಸ್ಪೀಟಿಗೂ ಈ ಕೇಂದ್ರ ಕಾಯ್ದೆಗೂ ಸಂಬಂಧವಿಲ್ಲ. ಅದು ಪೊಲೀಸ್ ಕಾಯ್ದೆಯ ಕೆಳಗೆ ಬರುತ್ತದೆ. ಸಾರ್ವಜನಿಕ ಜಾಗದಲ್ಲಿ ಜೂಜಾಡಿದರೆ 87ನೇ ಕಲಂ, ಜೂಜಿನ ಅಡ್ಡೆ ನಡೆಸಿದರೆ 79, ಅಲ್ಲಿ ಆಡುತ್ತಾ ಸಿಕ್ಕಿದರೆ 80. ಅಲ್ಲಿ ಆಡಿದವರ ಮೇಲೂ ಕೇಸು ಬೀಳುತ್ತದೆ ಎಂಬುದು ನೆನಪಿರಲಿ.

ನಿಷೇಧ ಮಾಡಿದರೆ ಕಳ್ಳದಾರಿ ಹುಟ್ಟುತ್ತದೆ. ಬ್ರೆಜಿಲ್‌ನಂಥ ದೇಶಗಳು ಲೈಸೆನ್ಸ್ ಕೊಟ್ಟು, ತೆರಿಗೆ ಎತ್ತುತ್ತಿವೆ. ಅಲ್ಲಿನ ನಿಯಮಗಳೇನು? ನಾವು ಹಾಗೆ ಮಾಡಬಾರದೇ? — ನಿವೃತ್ತ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು

ಒಳ್ಳೆಯ ಪ್ರಶ್ನೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬ್ರೆಜಿಲ್ ಕ್ರೀಡಾ ಬೆಟ್ಟಿಂಗನ್ನು ಕಾನೂನಿನಲ್ಲಿ ಒಪ್ಪಿದ್ದು 2018ರ ಡಿಸೆಂಬರ್‌ನಲ್ಲಿ. ಲೈಸೆನ್ಸ್ ಹೇಗೆ, ಯಾರಿಗೆ, ಎಷ್ಟಕ್ಕೆ ಎಂಬ ನಿಯಮಗಳನ್ನು ಮಾತ್ರ ಮಾಡಲಿಲ್ಲ. ಐದು ವರ್ಷ ಹಾಗೇ ಕಳೆಯಿತು. ಆ ಐದು ವರ್ಷದಲ್ಲಿ ವಿದೇಶಿ ತಾಣಗಳು ಮನೆಮನೆಗೆ ಹೊಕ್ಕವು, ಫುಟ್‌ಬಾಲ್ ಕ್ಲಬ್‌ಗಳ ಅಂಗಿಯ ಮೇಲೆ ಅವುಗಳದೇ ಹೆಸರು ಬಂತು. ನಮ್ಮ ಯುಪಿಐ ಇದ್ದಂತೆ ಅಲ್ಲಿ ‘ಪಿಕ್ಸ್’ ಇದೆ. ಬೆರಳು ಒತ್ತಿದರೆ ಹಣ ಹೋಯಿತು. 2024ರ ಆಗಸ್ಟ್ ಒಂದೇ ತಿಂಗಳಲ್ಲಿ, ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ‘ಬೋಲ್ಸಾ ಫಮಿಲಿಯಾ’ ನೆರವು ಪಡೆಯುವ ಸುಮಾರು 50 ಲಕ್ಷ ಮಂದಿ ಪಿಕ್ಸ್ ಮೂಲಕ 300 ಕೋಟಿ ರಿಯಾಲ್‌ನಷ್ಟು ಹಣವನ್ನು ಬೆಟ್ಟಿಂಗ್ ಕಂಪನಿಗಳಿಗೆ ಕಳಿಸಿದ್ದರು ಎಂದು ಅಲ್ಲಿನ ಕೇಂದ್ರ ಬ್ಯಾಂಕ್ ಲೆಕ್ಕ ಹಾಕಿತು. ಪಡಿತರದ ದುಡ್ಡು ಜೂಜಿಗೆ ಹೋದಂತೆ.

2023ರ ಡಿಸೆಂಬರ್ ಕೊನೆಗೆ ಬಂದ 14,790ನೇ ಕಾನೂನು, ಅದರ ಹಿಂದೆ ಬಂದ ನಿಯಮಗಳು ಇದಕ್ಕೆ ಕಟ್ಟಿದ ಕಟ್ಟೆ. 2025ರ ಜನವರಿ 1ರಿಂದ ಲೈಸೆನ್ಸ್ ಇಲ್ಲದೆ ಯಾರೂ ನಡೆಸುವಂತಿಲ್ಲ. ಲೈಸೆನ್ಸಿಗೆ 3 ಕೋಟಿ ರಿಯಾಲ್, ಅವಧಿ 5 ವರ್ಷ, ಒಂದು ಲೈಸೆನ್ಸಿನಲ್ಲಿ ಹೆಚ್ಚೆಂದರೆ ಮೂರು ಬ್ರ್ಯಾಂಡ್. ಕಂಪನಿ ಬ್ರೆಜಿಲ್‌ನಲ್ಲೇ ಸ್ಥಾಪನೆಯಾಗಿರಬೇಕು, ಬಂಡವಾಳದಲ್ಲಿ ಕನಿಷ್ಠ 20% ಪಾಲು ಬ್ರೆಜಿಲಿನವರದ್ದಿರಬೇಕು, 50 ಲಕ್ಷ ರಿಯಾಲ್ ಮೀಸಲು ಹಣ ಇಟ್ಟಿರಬೇಕು. ತಾಣದ ವಿಳಾಸ ‘.ಬೆಟ್.ಬಿಆರ್’ ಎಂದೇ ಕೊನೆಯಾಗಬೇಕು. ಓದಲು ಬರುವ ಯಾರೂ ಅಸಲಿ-ನಕಲಿ ಗುರುತಿಸುವ ಹಾಗೆ. ಖಾತೆ ತೆರೆಯಲು ಮುಖ ಗುರುತು ಹಿಡಿಸಬೇಕು. ಕ್ರೆಡಿಟ್ ಕಾರ್ಡ್, ನಗದು, ಕ್ರಿಪ್ಟೊ ಯಾವುದೂ ಇಲ್ಲ. ಆಡುವವರ ಸ್ವಂತ ಬ್ಯಾಂಕ್ ಖಾತೆಯಿಂದಷ್ಟೇ ಹಣ ಹೋಗಬೇಕು, ಅದಕ್ಕೇ ವಾಪಸ್ ಬರಬೇಕು. ಹಣ ತೆಗೆಯಲು ಕೇಳಿದರೆ 120 ನಿಮಿಷದೊಳಗೆ ಕೊಡಬೇಕು. ಹೊಸಬರನ್ನು ಸೆಳೆಯುವ ‘ಸ್ವಾಗತ ಬೋನಸ್’ ಕೊಡುವಂತಿಲ್ಲ. ತೆರಿಗೆ ಕಂಪನಿಗೆ ಶುರುವಿನಲ್ಲಿ 12%, ಅದೂ ಕಟ್ಟಿಸಿಕೊಂಡ ಪಣದಲ್ಲಿ ಬಹುಮಾನ ಕಳೆದು ಉಳಿದದ್ದರ ಮೇಲೆ; ಗೆದ್ದವರ ನಿವ್ವಳ ಲಾಭಕ್ಕೆ 15%. ಜೊತೆಗೆ 2024ರ ಅಕ್ಟೋಬರ್‌ನಿಂದಲೇ ಲೈಸೆನ್ಸ್ ಹಾದಿಗೆ ಬಾರದ ಎರಡು ಸಾವಿರಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸಲು ಹೊರಟರು.

ನಿಯಮಗಳು ಗಟ್ಟಿಯಾಗಿವೆ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲೂ ಸ್ವಂತ ಖಾತೆ, ಮುಖ ಗುರುತು, 120 ನಿಮಿಷ, ಈ ಮೂರು ನಿಯಮ ಬಾಡಿಗೆ ಖಾತೆಯ ದಂಧೆಯ ಬೇರಿಗೇ ಕೊಡಲಿ ಹಾಕುತ್ತವೆ. ಆದರೆ ಬಾಗಿಲು ತೆರೆದು ಐದು ವರ್ಷದ ಮೇಲೆ ಬೀಗ ಮಾಡಿಸಲು ಹೋದದ್ದು ಅವರ ತಪ್ಪು. ಆ ಅವಧಿಯಲ್ಲಿ ಅಂಟಿದ ಚಟ ನಿಯಮ ಬಂದ ಮರುದಿನ ಬಿಡುವುದಿಲ್ಲ. ನಮ್ಮಲ್ಲಿ ಆದದ್ದೂ ಬೇರೆಯಲ್ಲ. ಜೂಜು ಮತ್ತು ಬಾಜಿ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯ 34ನೇ ವಿಷಯ. ಸಿಕ್ಕಿಂ 2008ರಲ್ಲೇ, ನಾಗಾಲ್ಯಾಂಡ್ 2016ರಲ್ಲಿ ಲೈಸೆನ್ಸ್ ಕಾನೂನು ಮಾಡಿದವು, ಬೇರೆ ರಾಜ್ಯಗಳು ತಡೆದವು, ಫೋನಿಗೆ ಮಾತ್ರ ರಾಜ್ಯದ ಗಡಿ ಗೊತ್ತಾಗಲಿಲ್ಲ. ಮುಂದೆ ಎಂದಾದರೂ ಲೈಸೆನ್ಸ್ ಹಾದಿ ಹಿಡಿಯುವುದಾದರೆ ಬೀಗ ಮೊದಲು, ಬಾಗಿಲು ಆಮೇಲೆ ಎಂದು ನಾವು ಒತ್ತಿ ಹೇಳುತ್ತೇವೆ.

ಇನ್ನೊಂದು ಮಾತು. ಬ್ರೆಜಿಲ್‌ನ ಲೈಸೆನ್ಸ್ ಬ್ರೆಜಿಲ್‌ಗೆ. ಅದನ್ನು ತೋರಿಸಿ ಮೈಸೂರಿನಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್ ಇದ್ದರೆ, ಮದ್ದೂರಿನವರಿಗೆ ಕೊಟ್ಟ ಉತ್ತರವೇ ಅದಕ್ಕೂ.

ನಾನು ಜಿಎಸ್‌ಟಿ ಕಟ್ಟಿ ಆಡಿದ್ದೇನೆ. ಸರ್ಕಾರ ತೆರಿಗೆ ತಗೊಂಡ ಮೇಲೆ ಆಟ ಕಾನೂನುಬದ್ಧ ಆಗಲೇಬೇಕಲ್ಲ? — ಕುವೆಂಪುನಗರ, ಮೈಸೂರು

ಆಗುವುದಿಲ್ಲ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 40%. ಆದರೆ ತೆರಿಗೆ ಹಾಕುವುದು ಬೇರೆ, ಅನುಮತಿ ಕೊಡುವುದು ಬೇರೆ. ಜೂಜನ್ನು ತಡೆಯುವ ಇತರ ಕಾನೂನುಗಳಿಗೆ ಇದರಿಂದ ಧಕ್ಕೆಯಿಲ್ಲ ಎಂದು 2023ರ ಜಿಎಸ್‌ಟಿ ತಿದ್ದುಪಡಿಯಲ್ಲೇ ಬರೆದಿದೆ.

2024-25ರಲ್ಲಿ ಒಂದು ಫ್ಯಾಂಟಸಿ ಆ್ಯಪ್‌ಗೆ 10,000 ಹಾಕಿ 14,000 ತೆಗೆದೆ. ಫಾರಂ 26ಎಎಸ್‌ನಲ್ಲಿ 1,200 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ತೋರಿಸುತ್ತಿದೆ. ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ 9,000 ಕಳೆದುಕೊಂಡಿದ್ದೇನೆ. ಸಂಬಳ ವರ್ಷಕ್ಕೆ 9 ಲಕ್ಷ. ಎರಡೂ ಸೇರಿಸಿದರೆ ನಷ್ಟವೇ ಅಲ್ಲವೇ? ರಿಟರ್ನ್‌ನಲ್ಲಿ ತೋರಿಸಿಲ್ಲ. — ಹೆಬ್ಬಾಳ, ಮೈಸೂರು

ನಿಮ್ಮ ಜೇಬಿನ ಲೆಕ್ಕದಲ್ಲಿ ನಷ್ಟ, ತೆರಿಗೆಯ ಲೆಕ್ಕದಲ್ಲಿ ಲಾಭ. ಮೊದಲ ಆ್ಯಪ್‌ನಲ್ಲಿ ತೆಗೆದ 14,000ದಲ್ಲಿ ಹಾಕಿದ 10,000 ಕಳೆದರೆ ನಿವ್ವಳ ಗೆಲುವು 4,000. ಅದರ 30% ಅಂದರೆ 1,200 ಹಿಡಿದಿದ್ದಾರೆ, ಸರಿಯಾಗಿದೆ. ಇನ್ನೊಂದು ಕಂಪನಿಯಲ್ಲಿ ಕಳೆದ 9,000ವನ್ನು ಇದಕ್ಕೆ ಹೊಂದಿಸಲು, ಮುಂದಿನ ವರ್ಷಕ್ಕೆ ಒಯ್ಯಲು ಎರಡಕ್ಕೂ ಅವಕಾಶವಿಲ್ಲ. ಇದು ನಿಮ್ಮ ಸಂಬಳದ ಸ್ಲ್ಯಾಬಿಗೂ ಸೇರುವುದಿಲ್ಲ, ಪ್ರತ್ಯೇಕ 30%. ಅದರ ಮೇಲೆ 4% ಸೆಸ್ ಸೇರಿ ಒಟ್ಟು 1,248. ಟಿಡಿಎಸ್ ಕಳೆದರೆ ಇನ್ನೂ 48 ರೂಪಾಯಿ ಬಾಕಿ.

ಮೊತ್ತ ಸಣ್ಣದು, ತಪ್ಪು ಸಣ್ಣದಲ್ಲ. ಟಿಡಿಎಸ್ ನಿಮ್ಮ ಪ್ಯಾನ್ ಮೇಲೆ ಬಿದ್ದಿರುವುದರಿಂದ ಇಲಾಖೆಯ ಕಂಪ್ಯೂಟರಿಗೆ ಇದು ಗೊತ್ತು, ನಿಮ್ಮ ರಿಟರ್ನ್‌ನಲ್ಲಿ ಕಾಣದೆ ಹೋದರೆ ನೋಟಿಸ್ ಬರುತ್ತದೆ. ಹೆಚ್ಚಿನವರು ಎಡವುವುದು ಫಾರಂ ಆಯ್ಕೆಯಲ್ಲಿ. ಇಂಥ ಗೆಲುವು ಇದ್ದವರಿಗೆ ಐಟಿಆರ್-1 ನಡೆಯುವುದಿಲ್ಲ, ಸಂಬಳದಾರರು ಐಟಿಆರ್-2 ಹಾಕಬೇಕು. ತಪ್ಪು ತಿದ್ದುವ ಗಡುವು ಮುಗಿದಿದ್ದರೆ ‘ಅಪ್‌ಡೇಟೆಡ್ ರಿಟರ್ನ್’ ದಾರಿ ಇದೆ. ತೆರಿಗೆ ನಿರ್ಧಾರ ವರ್ಷ (ಗಳಿಸಿದ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ 48 ತಿಂಗಳವರೆಗೆ ಸಲ್ಲಿಸಬಹುದು, ಆದರೆ ಬಾಕಿ ತೆರಿಗೆಯ ಮೇಲೆ ಮೊದಲ 12 ತಿಂಗಳಲ್ಲಿ 25%, ಆಮೇಲೆ 50, 60, 70% ಎಂದು ಹೆಚ್ಚುವರಿ ಏರುತ್ತಾ ಹೋಗುತ್ತದೆ. ಆ್ಯಪ್ ಮುಚ್ಚುವ ಮುಂಚೆ ವಹಿವಾಟಿನ ಪಟ್ಟಿ ಇಳಿಸಿಕೊಂಡಿಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಾಕಿದ್ದು, ಬಂದದ್ದನ್ನು ಬಣ್ಣ ಹಚ್ಚಿ ಗುರುತು ಮಾಡಿ ಇಟ್ಟುಕೊಳ್ಳಿ. ಕೇಳಿದಾಗ ಅದೇ ಸಾಕ್ಷಿ.

ನನ್ನ ಬಾವಮೈದನ ಆ್ಯಪ್‌ನಲ್ಲಿ 2 ಲಕ್ಷ ಗೆದ್ದಿದ್ದಾನೆ ಅಂತ ತೋರಿಸುತ್ತಿದೆ. ತೆಗೆಯಲು ಹೋದರೆ ‘ಮೊದಲು 30% ಟ್ಯಾಕ್ಸ್ 60,000 ಕಟ್ಟಿ’ ಅನ್ನುತ್ತಾರೆ. ಅರ್ಧ ಕಟ್ಟಿದ್ದಾನೆ. — ಶ್ರೀರಂಗಪಟ್ಟಣ

ಉಳಿದರ್ಧ ಕಟ್ಟಬೇಡಿ. ಇದು ಮೋಸ. ಟಿಡಿಎಸ್ ಎನ್ನುವುದು ಕೊಡುವ ಹಣದಲ್ಲಿ ಹಿಡಿದು ಉಳಿದದ್ದನ್ನು ಕೊಡುವ ಪದ್ಧತಿ. 2 ಲಕ್ಷ ನಿಜವಾಗಿ ಇದ್ದಿದ್ದರೆ 60,000 ಹಿಡಿದು 1,40,000 ಹಾಕುತ್ತಿದ್ದರು. ಆದಾಯ ತೆರಿಗೆಯನ್ನು ಯಾರದೋ ಯುಪಿಐ ಐಡಿಗೆ ಕಟ್ಟುವ ಪದ್ಧತಿ ಈ ದೇಶದಲ್ಲಿ ಇಲ್ಲವೇ ಇಲ್ಲ. ಪರದೆಯ ಮೇಲಿನ 2 ಲಕ್ಷ ಬರೀ ಅಂಕಿ. 60,000 ಕಟ್ಟಿದರೆ ‘ಪ್ರೊಸೆಸಿಂಗ್ ಫೀ’, ಆಮೇಲೆ ‘ಖಾತೆ ತಪ್ಪಾಗಿದೆ, ದಂಡ’ ಎಂದು ಮುಂದುವರಿಯುತ್ತದೆ.

ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ತಡೆಯಬಹುದು. ಗಂಟೆ ಕಳೆದಷ್ಟೂ ಅದು ಖಾತೆಯಿಂದ ಖಾತೆಗೆ ಹಾರಿ ಎಟಿಎಂನಲ್ಲಿ ನಗದಾಗುತ್ತದೆ. ಕರೆ ಮಾಡುವ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಪ್ರತಿ ಪಾವತಿಯ ದಿನಾಂಕ, ಸಮಯ, ಮೊತ್ತ, ಪಡೆದವರ ಯುಪಿಐ ಐಡಿ, ಮತ್ತು 12 ಅಂಕಿಯ ಯುಟಿಆರ್ ಸಂಖ್ಯೆ. ಈ ಸಂಖ್ಯೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಆ ಪಾವತಿಯನ್ನು ಒತ್ತಿದರೆ ಒಳಗೆ ಕಾಣುತ್ತದೆ. ಒಂದು ಅಂಕಿ ತಪ್ಪಿದರೂ ಬ್ಯಾಂಕಿಗೆ ಹುಡುಕಲಾಗದು. ಚಾಟ್ ಅಳಿಸಬೇಡಿ, ಆ್ಯಪ್ ತೆಗೆಯಬೇಡಿ, ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬೇಕಾದರೆ ತೆಗೆಯಿರಿ. ದೂರಿನ ಸಂಖ್ಯೆ ಬಂದ ಮೇಲೆ ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ‘ಜೂಜಾಡಿದ್ದಕ್ಕೆ ನನ್ನನ್ನೇ ಹಿಡಿದರೆ’ ಎಂದು ಅಂಜಬೇಕಿಲ್ಲ. ಆದದ್ದನ್ನು ಆದಂತೆ ಹೇಳಲಿ.

ಪಿಜಿಯಲ್ಲಿದ್ದಾಗ ಪರಿಚಯದವನೊಬ್ಬ 5,000 ಕೊಟ್ಟು ನನ್ನ ಹೆಸರಲ್ಲಿ ಖಾತೆ ತೆರೆಸಿ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ತಗೊಂಡ. ಈಗ ಖಾತೆ ಫ್ರೀಜ್ ಆಗಿದೆ, ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂದಿದೆ. ನಾನು ಒಂದು ರೂಪಾಯಿಯೂ ಜೂಜಾಡಿಲ್ಲ. — ವಿದ್ಯಾರ್ಥಿ, ಮೈಸೂರು

ನೀವು ಆಡಿಲ್ಲ, ಆದರೆ ಆಡಿಸುವವರಿಗೆ ಹಣ ಸಾಗಿಸುವ ಕಾಲುವೆ ತೋಡಿಕೊಟ್ಟಿದ್ದೀರಿ. ಆಡಿದವರಿಗಿರುವ ರಕ್ಷಣೆ ನಿಮಗಿಲ್ಲ. ಕಟುವಾಗಿ ಕಂಡರೂ ಇದನ್ನು ಹೇಳಲೇಬೇಕು, ಏಕೆಂದರೆ ಕಾಲೇಜು ಹುಡುಗರಿಗೆ ಇದು ಪುಕ್ಕಟೆ ಸಂಪಾದನೆಯಂತೆ ಕಾಣುತ್ತಿದೆ. ಖಾತೆಗೆ ಬಂದ ಪ್ರತಿ ರೂಪಾಯಿಗೂ ಖಾತೆದಾರನೇ ಮೊದಲು ಉತ್ತರ ಕೊಡಬೇಕು.

ಮೊದಲು ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ನಾಲ್ಕು ವಿಷಯ ಕೇಳಿ: ಯಾವ ಠಾಣೆಯ ಸೂಚನೆ, ಸೈಬರ್ ದೂರಿನ ಸಂಖ್ಯೆ, ಸೂಚನೆಯ ದಿನಾಂಕ, ತಡೆದಿರುವುದು ಪೂರ್ತಿ ಖಾತೆಯೋ ಅಥವಾ ವಿವಾದದ ಮೊತ್ತವೋ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಖಾತೆ ತೆರೆದ ದಿನದಿಂದ ಇಂದಿನವರೆಗಿನ ಸ್ಟೇಟ್‌ಮೆಂಟ್ ತೆಗೆಸಿ. ನಿಮ್ಮ ಹೆಸರಿನ ಸಿಮ್ ಇನ್ನೂ ಅವನ ಬಳಿ ಇದ್ದರೆ ಇಂದೇ ಬಂದ್ ಮಾಡಿಸಿ, ಇಲ್ಲದಿದ್ದರೆ ನಾಳೆಯ ತಪ್ಪೂ ನಿಮ್ಮದೇ ಆಗುತ್ತದೆ. ಆಮೇಲೆ ವಕೀಲರನ್ನು ಕಂಡು, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕಳಿಸಿ. ಖಾತೆ ಹೇಗೆ ತೆರೆದದ್ದು, ಯಾರಿಗೆ ಕೊಟ್ಟದ್ದು, ಎಷ್ಟು ಪಡೆದದ್ದು ಎಲ್ಲ ಇರಲಿ, ಅವನೊಂದಿಗಿನ ವಾಟ್ಸ್ಆ್ಯಪ್ ಮಾತುಕತೆ ಲಗತ್ತಿಸಿ. ನೋಟಿಸಿಗೆ ಉತ್ತರವಿಲ್ಲದೆ ಸುಮ್ಮನಿರುವುದೇ ಹುಡುಗರು ಮಾಡುವ ದೊಡ್ಡ ತಪ್ಪು. ಆಮೇಲೆ ಬಂಧನದ ಮಾತು ಬರುತ್ತದೆ. ತನಿಖಾಧಿಕಾರಿ ಒಪ್ಪದಿದ್ದರೆ ಖಾತೆ ಬಿಡುಗಡೆಗೆ ಸಂಬಂಧಪಟ್ಟ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ವಕೀಲರ ಫೀಸಿಗೆ ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100.

ಹಾಸ್ಟೆಲ್‌ನಲ್ಲಿ ಬಿಜಿಎಂಐ (ಗುಂಡು ಹಾರಿಸಿ ಆಡುವ ಮೊಬೈಲ್ ಆಟ) ‘ಕಸ್ಟಮ್ ರೂಮ್’, ಅಂದರೆ ನಾವೇ ಜನ ಸೇರಿಸಿ ಆಡಿಸುವ ಪಂದ್ಯ, ನಡೆಸುತ್ತೇವೆ. ತಲೆಗೆ 50 ರೂಪಾಯಿ, ಒಂದು ಕಿಲ್‌ಗೆ 10 ರೂಪಾಯಿ, ಗೆದ್ದವರಿಗೆ ಉಳಿದದ್ದು. ಇದು ಇ-ಸ್ಪೋರ್ಟ್ಸ್ ತಾನೆ? — ಮಾನಸಗಂಗೋತ್ರಿ, ಮೈಸೂರು

ಅಲ್ಲ. ಎಲ್ಲರಿಂದ ಎತ್ತಿದ 50 ರೂಪಾಯಿಯನ್ನೇ ಗೆದ್ದವರಿಗೆ ಹಂಚುತ್ತಿದ್ದೀರಿ. ಅದು ಪ್ರವೇಶ ಶುಲ್ಕವಲ್ಲ, ಪಣ. ಇ-ಸ್ಪೋರ್ಟ್ಸ್‌ನಲ್ಲಿ ಶುಲ್ಕ ತೆಗೆದುಕೊಳ್ಳಬಹುದು, ಬಹುಮಾನವನ್ನೂ ಕೊಡಬಹುದು. ಆದರೆ ಶುಲ್ಕ ಸ್ಪರ್ಧೆಗೆ ಸೇರಲು ಅಥವಾ ಖರ್ಚು ತೂಗಿಸಲು ಮಾತ್ರ, ಬಹುಮಾನ ಆಟದ ಸಾಧನೆಗೆ. ಆಟ ಮಾನ್ಯತೆ, ನೋಂದಣಿ ಪಡೆದದ್ದಾಗಿರಬೇಕು, ಬಾಜಿ ಎಲ್ಲೂ ಇರಬಾರದು. ಸಿಕ್ಕಿಬಿದ್ದರೆ ಆಡಿದ ಗೆಳೆಯರಿಗಲ್ಲ, ರೂಮ್ ಐಡಿ ಹಂಚಿ ನಿಮ್ಮ ಯುಪಿಐಗೆ ದುಡ್ಡು ಹಾಕಿಸಿಕೊಂಡ ನಿಮಗೆ ತೊಂದರೆ. ಕಾಲೇಜು ಉತ್ಸವದಲ್ಲಿ ನಡೆಸಬೇಕೆಂದರೆ ಪ್ರವೇಶ ಉಚಿತವಿರಲಿ, ಬಹುಮಾನವನ್ನು ಕಾಲೇಜೋ ಪ್ರಾಯೋಜಕರೋ ಕೊಡಲಿ, ಪ್ರಾಂಶುಪಾಲರ ಅನುಮತಿ ಬರಹದಲ್ಲಿರಲಿ. ಆಟ ಆಡುವುದನ್ನು ಕಾನೂನು ತಡೆದಿಲ್ಲ, ಚೆನ್ನಾಗಿ ಆಡಿ.

ನನ್ನ ಇನ್‌ಸ್ಟಾಗ್ರಾಂ ಪೇಜಿಗೆ 40 ಸಾವಿರ ಫಾಲೋವರ್ಸ್. ಒಂದು ಆ್ಯಪ್‌ನ ಲಿಂಕ್ ಸ್ಟೋರಿಯಲ್ಲಿ ಹಾಕಿದರೆ ದಿನಕ್ಕೆ ಇಷ್ಟು ಅಂತ ಕೊಡುತ್ತಾರಂತೆ. — ಮಂಡ್ಯ

ಬೇಡ. ಹಣದ ಆಟದ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಸ್ಟೋರಿ 24 ಗಂಟೆಗೆ ಅಳಿಯುತ್ತದೆ, ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ.

ಇಷ್ಟೆಲ್ಲ ನಿಷೇಧವಿದ್ದರೂ ಚಾಮುಂಡಿ ಬೆಟ್ಟದ ಬುಡದಲ್ಲಿ ಕುದುರೆ ರೇಸ್ ಹೇಗೆ? — ಇಟ್ಟಿಗೆಗೂಡು, ಮೈಸೂರು

1891ರಿಂದ ಇರುವ ಮೈಸೂರು ರೇಸ್ ಕ್ಲಬ್ ರಾಜ್ಯದ ಲೈಸೆನ್ಸ್ ಪಡೆದು ನಡೆಯುವ ಜಾಗ. 1952ರ ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾನೂನು ಅದಕ್ಕೆ ಆಧಾರ. ಕುದುರೆ ರೇಸಿನಲ್ಲಿ ಕೌಶಲವೇ ಮುಖ್ಯವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಲೈಸೆನ್ಸ್ ಎಂಬ ಪದಕ್ಕೆ ನಿಜವಾದ ಅರ್ಥ ಇಲ್ಲಿದೆ: ಜಾಗ ಗೊತ್ತು, ದಿನ ಗೊತ್ತು, ಕೌಂಟರ್ ಗೊತ್ತು, ಟಿಕೆಟ್ ಕೈಯಲ್ಲಿದೆ. ಅದೇ ರೇಸಿನ ಮೇಲೆ ಹೊರಗೆ ಅಂಗಡಿಯ ಮುಂದೆ ಫೋನಿನಲ್ಲಿ ಬುಕ್ಕಿಗೆ ಕಟ್ಟಿದರೆ ಅದು ಅಪರಾಧ.

ನಮ್ಮ ಯಜಮಾನರು ಕಬ್ಬಿನ ಹಣವನ್ನೆಲ್ಲ ಮೊಬೈಲಿಗೆ ಸುರಿದಿದ್ದಾರೆ. ಸಂಘದ ಸಾಲ, ಒಡವೆ ಗಿರವಿ, ಇನ್ನೂ ಏನೇನಿದೆಯೋ ಹೇಳುತ್ತಿಲ್ಲ. ‘ಇನ್ನೊಂದೇ ಸಲ ಆಡಿ ಹೋದದ್ದು ವಾಪಸ್ ತೆಗೀತೀನಿ’ ಅನ್ನುತ್ತಾರೆ. ರಾತ್ರಿ ನಿದ್ದೆ ಮಾಡುವುದಿಲ್ಲ. — ಮಳವಳ್ಳಿ ತಾಲ್ಲೂಕು

ಅಮ್ಮಾ, ಆ ‘ಇನ್ನೊಂದೇ ಸಲ’ದ ಲೆಕ್ಕವನ್ನು ಮೊದಲು ನೋಡಿ. ವಿಮಾನ ಮೇಲೇರುವ ಚಿತ್ರದ ಆಟಗಳು ‘ನಾವು 97% ವಾಪಸ್ ಕೊಡುತ್ತೇವೆ’ ಎಂದು ಹೇಳಿಕೊಳ್ಳುತ್ತವೆ. ಕೇಳಲು ಧಾರಾಳ. ಒಂದು ಸುತ್ತಿಗೆ 20 ಸೆಕೆಂಡ್, ಪ್ರತಿ ಸುತ್ತಿಗೆ 100 ರೂಪಾಯಿ ಕಟ್ಟಿದರೆ ಗಂಟೆಗೆ 180 ಸುತ್ತು, 18,000 ರೂಪಾಯಿ ಪಣ. ಅದರ 3% ಅಂದರೆ ಸರಾಸರಿ 540 ರೂಪಾಯಿ ಗಂಟೆಗೆ ಹೋಗುತ್ತದೆ. ಒಂದು ರಾತ್ರಿ ಗೆಲ್ಲಬಹುದು, ಆಟ ಮುಂದುವರಿದಷ್ಟೂ ಲೆಕ್ಕ ಕಂಪನಿಯ ಕಡೆಗೇ ವಾಲುತ್ತದೆ. ಅದೂ ಪ್ರಾಮಾಣಿಕ ಆ್ಯಪ್ ಆದರೆ. ಕಳ್ಳ ಆ್ಯಪ್‌ಗೆ ಆ 97 ಕೂಡ ಇಲ್ಲ. ಹೋದದ್ದನ್ನು ಹಿಂದಕ್ಕೆ ತರುವ ಆಟ ಎಂಬುದು ಇಲ್ಲ.

ಇದು ಹಟವೂ ಅಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಬೈದು ಬಿಡಿಸಲು ಹೋದರೆ ಮುಚ್ಚಿಡುವುದು ಹೆಚ್ಚುತ್ತದೆ.

ನಿದ್ದೆ ಇಲ್ಲ ಎಂದಿದ್ದೀರಿ. ಅದಕ್ಕಾಗಿ ಇಂದೇ ಒಂದು ಕೆಲಸ ಮಾಡಿ: ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. ‘ನಾನಿಲ್ಲದಿದ್ದರೆ ಒಳ್ಳೇದು’ ಎಂಬಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ ಕೇಳಿ. ಕೇಳಿದರೆ ಅಂಥ ಯೋಚನೆ ಹೆಚ್ಚುತ್ತದೆ ಎಂಬುದು ಸುಳ್ಳು. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಅಂತರ್ಜಾಲದ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಸಾಲದ ವಿಷಯ. ಅವರು ಹೇಳದಿದ್ದರೂ ತಿಳಿಯುವ ದಾರಿ ಇದೆ, ಆದರೆ ಅವರ ಒಪ್ಪಿಗೆ ಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಜನರ ಸಾಲದ ಲೆಕ್ಕ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ಬ್ಯಾಂಕ್, ಫೈನಾನ್ಸ್, ನೋಂದಾಯಿತ ಲೋನ್ ಆ್ಯಪ್‌ಗಳ ಸಾಲ ಕಾಣುತ್ತದೆ. ಕೈಸಾಲ, ಬಡ್ಡಿ ಸಾಲ ಕಾಣುವುದಿಲ್ಲ, ಅದನ್ನು ಬಾಯಿಬಿಡಿಸಬೇಕು. ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕೊನೆಯ ದಿನ ಯಾವುದು ಎಂದು ಬರೆಯಿರಿ. ಮೊದಲು ಗಿರವಿಯ ರಸೀದಿ ನೋಡಿ, ಹರಾಜಿನ ದಿನ ಹತ್ತಿರವಿದ್ದರೆ ಬಡ್ಡಿಯನ್ನಾದರೂ ಕಟ್ಟಿ ಮುಂದೂಡಿಸಿ. ನಿಮ್ಮ ಹೆಸರಿನಲ್ಲಿರುವ ಸಂಘದ ಕಂತು ತಪ್ಪಿಸಬೇಡಿ. ತವರಿನವರಿಂದ ದುಡ್ಡು ತಂದು ಎಲ್ಲ ಸಾಲವನ್ನೂ ಒಂದೇ ಸಲ ತೀರಿಸಬೇಡಿ. ಆ ಕಡೆ ಸಾಲ ತೀರಿದ ಕೂಡಲೇ ಈ ಕಡೆ ಹೊಸ ಸಾಲ ಸಿಗುತ್ತದೆ, ಆಟ ಮತ್ತೆ ಶುರುವಾಗುತ್ತದೆ. ವಸೂಲಿಗೆ ಬಂದು ಮನೆ ಮುಂದೆ ಕೂತು ಹೆದರಿಸಿದರೆ 2025ರಲ್ಲಿ ರಾಜ್ಯ ತಂದ ಕಿರುಸಾಲ ಕಾನೂನಿನಡಿ ಠಾಣೆಗೆ ದೂರು ಕೊಡಬಹುದು.

ಮುಂದಿನ ಕಬ್ಬಿನ ಬಟವಾಡೆ ಬರುವ ಮುಂಚೆ ಬ್ಯಾಂಕಿಗೆ ಇಬ್ಬರೂ ಹೋಗಿ. ಇಬ್ಬರ ಸಹಿ ಇದ್ದರಷ್ಟೇ ಹಣ ತೆಗೆಯುವ ಜಂಟಿ ಖಾತೆ ತೆರೆಯಿರಿ, ಅದಕ್ಕೆ ಯುಪಿಐ, ಎಟಿಎಂ ಕಾರ್ಡ್ ಎರಡೂ ಬೇಡವೆಂದು ಬರೆದುಕೊಡಿ, ಕಾರ್ಖಾನೆಗೆ ಆ ಖಾತೆಯ ನಂಬರ್ ಕೊಡಿ. ಅವರ ಹಳೆಯ ಖಾತೆಯಲ್ಲಿ ಯುಪಿಐ ದಿನದ ಮಿತಿಯನ್ನು ಐನೂರಕ್ಕೋ ಸಾವಿರಕ್ಕೋ ಇಳಿಸಲು, ಕಾರ್ಡಿನ ಆನ್‌ಲೈನ್ ಬಳಕೆ ನಿಲ್ಲಿಸಲು ಶಾಖೆಯಲ್ಲಿ ಕೇಳಿ. ಇದನ್ನು ಶಿಕ್ಷೆಯಂತೆ ಹೇರಬೇಡಿ. ‘ಆರು ತಿಂಗಳು ದುಡ್ಡು ನಾನು ನೋಡ್ಕೋತೀನಿ, ನೀವು ಹೊಲ ನೋಡ್ಕೊಳ್ಳಿ’ ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು.

ಆಸ್ಪತ್ರೆಗೆ ಬರಲು ಅವರು ಈಗಲೇ ಒಪ್ಪದಿದ್ದರೆ ನೀವೊಬ್ಬರೇ 14416ಕ್ಕೆ ಕರೆ ಮಾಡಿ. ಮನೆಯವರಿಗೂ ಅಲ್ಲಿ ಸಲಹೆ ಕೊಡುತ್ತಾರೆ.